ಗಿರಣಿಯಲ್ಲಿ ಡಬ್ಬಿ ಇಟ್ಟು ಬಂದ ಹಾಗೆ

2024ರ ನವೆಂಬರ್ 1. ಮನೆಯಲ್ಲಿ ಲಕ್ಷ್ಮೀ ಪೂಜೆ. ಬಾಗಿಲಿಗೆ ಚೆಂಡು ಹೂವಿನ ಮಾಲೆ ಕಟ್ಟಿಯಾಗಿತ್ತು. ಕರ್ಚಿಕಾಯಿ ಕರಿದು ಡಬ್ಬಿ ತುಂಬಿಯಾಗಿತ್ತು. ನಾನು ಮಾತ್ರ ರೇಷ್ಮೆ ಸೀರೆ ಉಟ್ಟುಕೊಂಡು ಲ್ಯಾಪ್‌ಟಾಪ್ ಮುಂದೆ ಕುಳಿತು ಗಡಿಯಾರ ನೋಡುತ್ತಿದ್ದೆ. ಸಂಜೆ 5:30 ಆಗಬೇಕಿತ್ತು. ನಮಗೆ 5:30 ಅಂದರೆ ಫ್ಲೋರಿಡಾದಲ್ಲಿ ಬೆಳಿಗ್ಗೆ 7. ಆ ಹೊತ್ತಿಗೆ ಡಿಸ್ನಿ ವರ್ಲ್ಡ್‌ನ ರೈಡ್‌ಗಳ ಬುಕಿಂಗ್ ನಮಗೆ ತೆರೆಯುತ್ತದೆ.

5:30 ಆಯಿತು. ಒತ್ತಿದೆ. ನಾನು ಬಯಸಿದ್ದ ರೈಡ್‌ಗೆ ಬೆಳಗಿನ ಹೊತ್ತೆಲ್ಲ ಆಗಲೇ ಖಾಲಿ. ಉಳಿದದ್ದು ರಾತ್ರಿಯ ಹೊತ್ತು. ಅಕ್ಕನ ಐದು ವರ್ಷದ ಮಗಳು ನಿದ್ದೆಗಣ್ಣಲ್ಲಿ ಅಪ್ಪನ ಹೆಗಲ ಮೇಲೆ ಇರುವ ಹೊತ್ತು.

ತಪ್ಪು ಯಾರದ್ದೂ ಅಲ್ಲ, ನನ್ನದೇ. ಅಮೆರಿಕದವರು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ಆ ವರ್ಷ ಅದು ನವೆಂಬರ್ 3ಕ್ಕೆ ಇತ್ತು. ಅದಾದ ಮೇಲೆ ನಮಗೂ ಅವರಿಗೂ ಹತ್ತೂವರೆ ತಾಸಿನ ಅಂತರ. ಅದಕ್ಕೆ ಮುಂಚೆ ಒಂಬತ್ತೂವರೆ. ನಾವು ಹೋಟೆಲ್ ಸೇರುವುದು ನವೆಂಬರ್ 8ಕ್ಕೆ. ನಾನು ಆ ದಿನದ ಲೆಕ್ಕ ಹಿಡಿದುಕೊಂಡು ಕುಳಿತಿದ್ದೆ. ಬುಕಿಂಗ್ ಮಾಡುವ ದಿನದ ಲೆಕ್ಕ ನೋಡಲೇ ಇಲ್ಲ. ಬಾಗಿಲು 4:30ಕ್ಕೇ ತೆರೆದಿತ್ತು. ಆಗ ನಾನು ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತಿದ್ದೆ.

ಮೂರು ತಿಂಗಳು ಓದಿ, ಹಾಳೆ ಮೇಲೆ ನಕ್ಷೆ ಬರೆದು, ಮನೆಯವರಿಗೆಲ್ಲ ತಲೆನೋವು ತಂದವಳು ನಾನು. ಒಂದು ತಾಸು ತಡವಾಗಿ ಕುಳಿತೆ. ಗಂಡ ಏನೂ ಅನ್ನಲಿಲ್ಲ. ಸುಮ್ನೆ ಆರತಿ ತಟ್ಟೆ ಕೈಗೆ ಕೊಟ್ಟರು.

ಇದೆಲ್ಲ ಯಾಕೆ ಬೇಕಿತ್ತು ಅನ್ನುತ್ತೀರಾ? ಅಕ್ಕ ಅಟ್ಲಾಂಟಾದಲ್ಲಿದ್ದಾಳೆ. ಅವ್ವನಿಗೆ ಒಮ್ಮೆ ಮೊಮ್ಮಗಳ ಮನೆ ನೋಡುವ ಆಸೆ. ಜೊತೆಗೆ ನಾವೂ ಹೊರಟೆವು. ಅಕ್ಕನಿಗೆ ಕೆಲಸದಿಂದ ಬಿಡುವಿಲ್ಲ, ಡಿಸ್ನಿಯ ಮೂರು ದಿನದ ಯೋಜನೆ ನಿನ್ನ ಪಾಲಿಗೆ ಅಂದಳು. ವಿಜಯಪುರದಲ್ಲಿ ಕುಳಿತು ಫ್ಲೋರಿಡಾದ ಸರದಿ ಸಾಲುಗಳ ಲೆಕ್ಕ ಹಾಕುವ ಕೆಲಸ ನನಗೆ ಬಂದದ್ದು ಹೀಗೆ. ಮೊದಲು ಬೇಜಾರಾಗಿತ್ತು. ಆಮೇಲೆ ಹುಚ್ಚು ಹಿಡಿಯಿತು.

ಒಂದು ದಿನ ಅವ್ವ ಪಕ್ಕದಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಏನು ಅಷ್ಟು ಬರೆಯುತ್ತಿದ್ದೀ ಅಂತ ಕೇಳಿದಳು. ನಾನು ಲೈಟ್ನಿಂಗ್ ಲೇನ್ ಅಂದರೇನು ಅಂತ ವಿವರಿಸಲು ಹೊರಟೆ. ಫೋನಿನಲ್ಲೇ ಒಂದು ಹೊತ್ತು ಹಿಡಿದಿಡುತ್ತೇವೆ. ಅಲ್ಲಿ ಸಾಲಿನಲ್ಲಿ ನಿಲ್ಲುವುದಿಲ್ಲ. ಬೇರೆ ಕಡೆ ಅಡ್ಡಾಡಿಕೊಂಡಿದ್ದು, ಆ ಹೊತ್ತಿಗೆ ಹೋದರೆ ಸಣ್ಣ ಸಾಲಿನಿಂದ ಒಳಗೆ ಬಿಡುತ್ತಾರೆ. ನನ್ನ ಮಾತು ಮುಗಿಯುವ ಮೊದಲೇ ಅವ್ವ ತಲೆ ಎತ್ತಿದಳು.

"ಗಿರಣ್ಯಾಗ ಡಬ್ಬಿ ಇಟ್ಟ್ ಬಂದಂಗ ಅನ್ನು."

ಇಷ್ಟೇ. ನಾನು ಮೂರು ತಿಂಗಳಲ್ಲಿ ಓದಿದ ಯಾವ ಬರಹದಲ್ಲೂ ಇಷ್ಟು ಚೊಕ್ಕಟವಾಗಿ ಯಾರೂ ಹೇಳಿರಲಿಲ್ಲ.

ಹಿಟ್ಟಿನ ಗಿರಣಿಗೆ ಹೋಗಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ರೊಟ್ಟಿ ಇಲ್ಲದೆ ದಿನ ಹೋಗುವುದಿಲ್ಲ, ಜೋಳದ ಹಿಟ್ಟು ಜಾಸ್ತಿ ದಿನ ಇಟ್ಟರೆ ರೊಟ್ಟಿ ಬಡಿಯಲು ಬರುವುದಿಲ್ಲ, ಹರಿಯುತ್ತದೆ. ಹಾಗಾಗಿ ವಾರಕ್ಕೊಮ್ಮೆ, ಹೆಚ್ಚೆಂದರೆ ಹದಿನೈದು ದಿನಕ್ಕೊಮ್ಮೆ ಗಿರಣಿಗೆ ಹೋಗಲೇಬೇಕು. ಡಬ್ಬಿ ಒಯ್ದು ಪಾಳಿಗೆ ಇಡುತ್ತೇವೆ. ಸ್ಟೀಲ್ ಡಬ್ಬಿ, ಎಣ್ಣೆ ಡಬ್ಬಿ, ಪ್ಲಾಸ್ಟಿಕ್ ಬಕೆಟ್ಟು, ಬಾಯಿ ಕಟ್ಟಿದ ಚೀಲ, ಎಲ್ಲ ಗೋಡೆ ಗುಂಟ ಒಂದರ ಹಿಂದೊಂದು. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ನಂಬರ್. ಡಬ್ಬಿ ನಿಲ್ಲುತ್ತದೆ, ನಾವು ತರಕಾರಿ ತರಲು ಹೋಗುತ್ತೇವೆ. ಬರುವಷ್ಟರಲ್ಲಿ ನಮ್ಮ ಡಬ್ಬಿ ಎರಡನೇದೋ ಮೂರನೇದೋ ಆಗಿರುತ್ತದೆ. ಗಾಳಿಯಲ್ಲೆಲ್ಲ ಬಿಸಿ ಹಿಟ್ಟಿನ ವಾಸನೆ. ಗಿರಣಿಯವನ ಹುಬ್ಬು, ಮೀಸೆ ಎಲ್ಲ ಬಿಳಿ.

ಗಿರಣಿಗೂ ತನ್ನದೇ ನಿಯಮಗಳಿವೆ. ಜೋಳದ ಪಾಳಿ ಬೇರೆ, ಗೋಧಿ ಪಾಳಿ ಬೇರೆ. ಕಲ್ಲಿಗೆ ಹೊಸದಾಗಿ ಕಚ್ಚು ಹಾಕಿಸಿದ ದಿನ ಮೊದಲನೇ ನಂಬರ್ ಯಾರಿಗೂ ಬೇಡ, ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರುತ್ತದೆ. "ನೀವು ಮೊದಲ ಹಾಕ್ರಿ, ನಮ್ಗೇನ್ ಅವಸರಿಲ್ಲ" ಅಂತ ಎಲ್ಲರೂ ಆ ದಿನ ಭಾರಿ ಸೌಜನ್ಯ ತೋರಿಸುತ್ತಾರೆ. ಡಿಸ್ನಿಯಲ್ಲಿ ಅಂಥ ದಿನ ಇಲ್ಲ.

ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ಅಂತ ಶುರು ಮಾಡಿದಾಗ ಅದು ಅಪ್ಪಟ ಗಿರಣಿ ಪದ್ಧತಿಯೇ ಆಗಿತ್ತು. ರೈಡ್ ಹತ್ತಿರ ಒಂದು ಯಂತ್ರ. ಟಿಕೆಟ್ ತೂರಿಸಿದರೆ ಒಂದು ಚೀಟಿ ಬರುತ್ತಿತ್ತು. ಚೀಟಿಯಲ್ಲಿ ಒಂದು ತಾಸಿನ ಅವಧಿ ಬರೆದಿರುತ್ತಿತ್ತು, ಆ ಹೊತ್ತಿನೊಳಗೆ ಬಂದರಾಯಿತು. ಅದಕ್ಕೆ ದುಡ್ಡಿರಲಿಲ್ಲ. ಆಮೇಲೆ ಅದು ಫೋನಿಗೆ ಬಂತು. 2020ರಲ್ಲಿ ಕೊರೋನಾ ಹೊತ್ತಿಗೆ ನಿಂತಿತು. 2021ರಲ್ಲಿ ಬೇರೆ ಹೆಸರಿನಲ್ಲಿ ಮರಳಿ ಬಂದಾಗ ದುಡ್ಡು ಕೇಳಿತು. 2024ರ ಜುಲೈನಿಂದ ಈಗಿನ ಪದ್ಧತಿ. ಒಂದು ಮಲ್ಟಿ ಪಾಸ್. ಅದರಲ್ಲಿ ಮೊದಲೇ ಮೂರು ರೈಡ್ ಆರಿಸಬಹುದು. ಒಂದು ಬಳಸಿದ ಮೇಲೆ ಇನ್ನೊಂದು ಹಿಡಿಯಬಹುದು. ಬಹಳ ಬೇಡಿಕೆಯ ಒಂದೆರಡು ರೈಡ್‌ಗೆ ಬಿಡಿ ಸಿಂಗಲ್ ಪಾಸ್. ದಿನ ನೋಡಿ ದರ. ರಜೆ ದಿನ ತುಟ್ಟಿ. ಅವರ ಹೋಟೆಲ್‌ನಲ್ಲಿ ಇಳಿಯುವವರಿಗೆ 7 ದಿನ ಮೊದಲು ಬುಕಿಂಗ್ ತೆರೆಯುತ್ತದೆ, ಬೇರೆಯವರಿಗೆ 3 ದಿನ ಮೊದಲು.

ದುಡ್ಡಿನ ಮಾತು ಬಂದ ಕೂಡಲೇ ಅವ್ವನ ಕೈ ಸೊಪ್ಪಿನ ಮೇಲೆ ನಿಂತಿತು. "ಡಬ್ಬಿ ಇಡಾಕೂ ರೊಕ್ಕ ಕೊಡ್ಬೇಕೇನ?"

ಕೊಡಬೇಕು ಅವ್ವ.

ಆ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನ ಕೂತಿತು. ಗಿರಣಿಯನ್ನೇ ಇಟ್ಟುಕೊಂಡು ಯೋಚಿಸಿದೆ. ಡಬ್ಬಿ ಇಟ್ಟು ಹೋದರೆ ಗಿರಣಿ ಬೇಗ ಬೀಸುತ್ತದಾ? ಇಲ್ಲ. ತಾಸಿಗೆ ಎಷ್ಟು ಕಿಲೋ ಬೀಸುತ್ತದೋ ಅಷ್ಟೇ. ಪಾಳಿ ಕಮ್ಮಿಯಾಗುವುದಿಲ್ಲ, ಪಾಳಿಯಲ್ಲಿ ನಿಲ್ಲುವ ಕಾಲು ಮಾತ್ರ ನಮ್ಮದಲ್ಲ. ಆದರೆ ನಾನು ಆ ಹೊತ್ತಿನಲ್ಲಿ ಏನು ಮಾಡಿದೆ? ಪಕ್ಕದ ರೇಷನ್ ಅಂಗಡಿಯ ಪಾಳಿಯಲ್ಲಿ ನಿಂತೆ. ಅಂದರೆ ಒಬ್ಬಳೇ ಹೆಂಗಸು ಒಂದೇ ಹೊತ್ತಿನಲ್ಲಿ ಎರಡು ಪಾಳಿಯಲ್ಲಿ. ಎಲ್ಲರೂ ಹೀಗೇ ಮಾಡಿದರೆ ಊರಲ್ಲಿ ಜನ ಅಷ್ಟೇ ಇದ್ದರೂ ಪಾಳಿಗಳು ಮಾತ್ರ ಉದ್ದವಾಗುತ್ತವೆ. ಪಾರ್ಕಿನಲ್ಲೂ ಇದೇ ಕಥೆ. ಪಾಸ್ ಇದ್ದವರು ಒಂದು ರೈಡ್‌ಗೆ ಡಬ್ಬಿ ಇಟ್ಟು, ಇನ್ನೊಂದರ ಸಾಲಿನಲ್ಲಿ ಖುದ್ದಾಗಿ ನಿಲ್ಲುತ್ತಾರೆ.

ಒಂದು ಲೆಕ್ಕ ಹಾಕಿ ನೋಡಿ. ಒಂದು ರೈಡ್ ತಾಸಿಗೆ 1000 ಜನರನ್ನು ಕೂರಿಸುತ್ತದೆ ಅಂತ ಇಟ್ಟುಕೊಳ್ಳೋಣ. ಅದರಲ್ಲಿ 750 ಕುರ್ಚಿ ಪಾಸಿನವರಿಗೆ ಹೋದರೆ ಮಾಮೂಲಿ ಸಾಲಿಗೆ ಉಳಿಯುವುದು 250. ನಿಮ್ಮ ಮುಂದೆ 500 ಜನ ಇದ್ದರೆ ಎರಡು ತಾಸು. ಸಾಲು ನೋಡಿದರೆ ಚಿಕ್ಕದೇ, ಚಲಿಸುವುದೇ ಇಲ್ಲ. ಪಾಸಿನವರು ಪಕ್ಕದಿಂದ ನಗುತ್ತ ಹೋಗುತ್ತಿರುತ್ತಾರೆ. ನಾವೂ ಪಾಸ್ ಕೊಂಡೆವು, ಸುಳ್ಳು ಹೇಳುವುದಿಲ್ಲ. ಪಕ್ಕದ ಸಾಲಿನಲ್ಲಿ ನಿಂತಿದ್ದ ಒಬ್ಬ ಅಪ್ಪ ತನ್ನ ಮಗನಿಗೆ ಏನೋ ಸಮಾಧಾನ ಹೇಳುತ್ತಿದ್ದ. ಅವನ ಕಣ್ಣು ತಪ್ಪಿಸಿಕೊಂಡು ಮುಂದೆ ಹೋದೆ.

ಹಾಗಾದರೆ ಕಾಯುವುದು ಎಲ್ಲಿ ಹೋಯಿತು? ಸ್ವಲ್ಪ ಬೇರೆಯವರ ಮೇಲೆ ಹೋಯಿತು. ಸ್ವಲ್ಪ ನನ್ನ ಮನೆಗೆ ಬಂತು, ಲಕ್ಷ್ಮೀ ಪೂಜೆಯ ಸಂಜೆಗೆ.

ಈ ವಿಷಯದಲ್ಲಿ ನಾವು ಭಾರತದವರು ಪಳಗಿದ ಕೈ, ಅಲ್ವಾ? ತತ್ಕಾಲ್ ಟಿಕೆಟ್‌ಗೆ ಎಸಿ ಬೇಕಾದರೆ ಬೆಳಿಗ್ಗೆ 10, ಸ್ಲೀಪರ್‌ಗೆ 11. ಹೆಸರು, ವಯಸ್ಸು ಎಲ್ಲ ಮೊದಲೇ ತುಂಬಿಟ್ಟು, ಬೆರಳು ತುದಿಗಾಲಲ್ಲಿ ನಿಲ್ಲಿಸಿ ಕಾಯುವ ಜನ ನಾವು. ಡಿಸ್ನಿಯ ಎಪ್ಕಾಟ್ ಪಾರ್ಕಿನ ಒಂದು ದೊಡ್ಡ ಕೋಸ್ಟರ್‌ಗೆ ಆಗ ಬೆಳಿಗ್ಗೆ 7ಕ್ಕೆ ಮತ್ತು ಮಧ್ಯಾಹ್ನ 1ಕ್ಕೆ ಫೋನಿನಲ್ಲೇ ನಂಬರ್ ಹಚ್ಚಬೇಕಿತ್ತು, ಅದಕ್ಕೆ ದುಡ್ಡಿಲ್ಲ. ಭಾವ ಇಪ್ಪತ್ತು ವರ್ಷದಿಂದ ಅಮೆರಿಕದಲ್ಲಿದ್ದಾರೆ, ಅವರ ಕೈ ನಡುಗಿತು. ನನ್ನ ಗಂಡ ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ಹಬ್ಬದ ಹೊತ್ತಿನಲ್ಲಿ ತತ್ಕಾಲ್ ಮಾಡಿಸಿ ಅಭ್ಯಾಸ ಇದ್ದವರು. ಫೋನ್ ಅವರಿಗೆ ಕೊಟ್ಟೆವು. ಸಿಕ್ಕಿತು.

ಇನ್ನು ಬೆಳಗಿನ ಪ್ರವೇಶದ ವಿಷಯ. ನನ್ನ ಕೇಳಿದರೆ ಅಸಲಿ ಬಂಗಾರ ಅದು. ಡಿಸ್ನಿಯ ಹೋಟೆಲ್‌ನಲ್ಲಿ ಇಳಿದವರನ್ನು ನಾಲ್ಕೂ ಪಾರ್ಕುಗಳಲ್ಲಿ ದಿನಾ ಅರ್ಧ ತಾಸು ಮೊದಲು ಒಳಗೆ ಬಿಡುತ್ತಾರೆ. ಅಗ್ಗದ ಹೋಟೆಲ್ ಆದರೂ ನಡೆಯುತ್ತದೆ. ನಾವು ಇಳಿದದ್ದು ಅಂಥದ್ದರಲ್ಲೇ. ಅರ್ಧ ತಾಸು ಅಂದರೆ ಏನು ಮಹಾ ಅನ್ನಬಹುದು. ಆದರೆ ಮೇಲಿನ ಲೆಕ್ಕವನ್ನೇ ನೋಡಿ. ಬೆಳಿಗ್ಗೆ ಸಾಲು ಸೊನ್ನೆಯಿಂದ ಶುರುವಾಗುತ್ತದೆ. ರೈಡ್ ಬೀಸುವ ವೇಗ ಅಷ್ಟೇ. ಮೊದಲ ಎರಡು ತಾಸು ಜನ ಬರುವ ವೇಗ ಅದಕ್ಕಿಂತ ಜಾಸ್ತಿ. ಆಗ ಕೂಡಿಕೊಂಡ ಸಾಲು ರಾತ್ರಿಯವರೆಗೂ ಕರಗುವುದಿಲ್ಲ. ಹತ್ತು ನಿಮಿಷ ಮುಂಚೆ ಬಂದವನಿಗೂ ಹತ್ತು ನಿಮಿಷ ಆಮೇಲೆ ಬಂದವನಿಗೂ ಒಂದು ತಾಸಿನ ವ್ಯತ್ಯಾಸ ಆಗಬಹುದು.

ಇದನ್ನು ಕಲಿಯಲು ಫ್ಲೋರಿಡಾಕ್ಕೆ ಹೋಗಬೇಕಿರಲಿಲ್ಲ. ಅಪ್ಪ ನಮಗೆ ಗೋಲಗುಂಬಜ್‌ನಲ್ಲೇ ಕಲಿಸಿದ್ದರು. ನೆಂಟರು ಬಂದರೆ ಸಾಕು, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ನಾವು ಅಲ್ಲಿರಬೇಕು. ಚಹಾ ಸಹ ಆಮೇಲೆ. ಮೂಲೆಯ ಮಿನಾರಿನೊಳಗಿನ ಕಿರಿದಾದ ಮೆಟ್ಟಿಲು ಏಳು ಅಂತಸ್ತು ಹತ್ತಿ, ಗುಮ್ಮಟದ ಒಳಗಿನ ಪಿಸುಗುಟ್ಟುವ ಗ್ಯಾಲರಿಗೆ ಬರಬೇಕು. ಅಲ್ಲಿ ಒಂದು ಚಪ್ಪಾಳೆ ಏಳೆಂಟು ಸಲ ಮರಳಿ ಬರುತ್ತದೆ. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ 37 ಮೀಟರ್ ಆಚೆ ಎದುರು ಗೋಡೆಗೆ ಕಿವಿ ಕೊಟ್ಟವರಿಗೆ ಕೇಳುತ್ತದೆ. ಆದರೆ ಡಿಸೆಂಬರ್‌ನಲ್ಲಿ ಹನ್ನೊಂದು ಗಂಟೆಗೆ ಹೋಗಿ ನೋಡಿ. ನಾಲ್ಕು ಶಾಲೆಯ ಪ್ರವಾಸದ ಬಸ್ಸು ಬಂದಿರುತ್ತವೆ. ಎಲ್ಲ ಮಕ್ಕಳೂ ಒಟ್ಟಿಗೆ ಕೂಗುತ್ತಾರೆ. ಒಬ್ಬರ ಕೂಗು ಏಳು ಆದರೆ ನಾಲ್ಕು ನೂರು ಜನರದ್ದು ಎಷ್ಟು? ಸುಲ್ತಾನ ಮುಹಮ್ಮದ್ ಆದಿಲ್ ಶಾ ಮಲಗಿರುವ ಜಾಗ ಅದು, 1656ರಿಂದ. ಪಾಪ.

ರೈಡ್‌ಗಾದರೆ ಕುರ್ಚಿ ಎಷ್ಟಿವೆ ಅಂತ ಎಣಿಸಬಹುದು. ಗೋಲಗುಂಬಜ್‌ನಲ್ಲಿ ಖರ್ಚಾಗುವುದು ನಿಶ್ಶಬ್ದ. ಅದು ಬೆಳಗಿನ ಮೊದಲ ಅರ್ಧ ತಾಸಿನಲ್ಲೇ ಮುಗಿದುಹೋಗುತ್ತದೆ.

ತಡವಾಗಿ ಹೋಗಿ ಕೆಟ್ಟ ಪಾಠವೂ ನಮಗಿದೆ. ಮಗ ಹುಟ್ಟುವ ಮೊದಲು ಒಮ್ಮೆ ಓಣಿಯವರೆಲ್ಲ ಸೇರಿ ಬಿಡದಿಯ ವಂಡರ್‌ಲಾಗೆ ಹೊರಟಿದ್ದೆವು. ಮೇ ತಿಂಗಳ ಭಾನುವಾರ. ರಾತ್ರಿ ಹೊರಡುವ ಬಸ್ಸು ಬೆಳಿಗ್ಗೆ ಪಾರ್ಕ್ ತೆರೆಯುವ ಹೊತ್ತಿಗೆ ಮುಟ್ಟಿಸುತ್ತದೆ ಅಂದಿದ್ದರು. ಆ ಟ್ರಾವೆಲ್ಸ್‌ನ ಹೆಸರು ಬೇಡ ಬಿಡಿ. ದಾರಿಯಲ್ಲಿ ಎರಡು ಸಲ ಕೆಟ್ಟು, ಮುಟ್ಟಿದ್ದು ಮಧ್ಯಾಹ್ನ ಒಂದಕ್ಕೆ. ಹಿಂದಕ್ಕೆ ಓಡುವ ರಿಕಾಯಿಲ್ ಕೋಸ್ಟರ್‌ನ ಸಾಲು ನೋಡಿಯೇ ಅರ್ಧ ಜನ ಹಿಂದೆ ಸರಿದರು. ಅಲ್ಲೂ ಫಾಸ್ಟ್‌ಟ್ರ್ಯಾಕ್ ಅಂತ ಜಾಸ್ತಿ ದರದ ಟಿಕೆಟ್ ಇದೆ. ನಮಗೆ ಗೊತ್ತಾದದ್ದು ಒಳಗೆ ಹೋದ ಮೇಲೆ. ಅಲೆಗಳ ಕೊಳದಲ್ಲಿ ನೆನೆದು ವಾಪಸ್ ಬಂದೆವು.

ಸರಿ, ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್‌ನ ದಿನಕ್ಕೆ ಬರೋಣ. ಆ ಪಾರ್ಕಿನದ್ದು ಒಂದು ವಿಶೇಷ ಇದೆ. ಕಾರಿನಲ್ಲಿ ಬರುವವರು ಗೇಟಿನ ಹತ್ತಿರ ನಿಲ್ಲಿಸಲು ಆಗುವುದಿಲ್ಲ. ಕೆರೆಯ ಆಚೆ ದಡದಲ್ಲಿ ನಿಲ್ಲಿಸಿ, ಮಾನೋರೈಲಿನಲ್ಲೋ ಹಡಗಿನಲ್ಲೋ ಈಚೆ ಬರಬೇಕು. ಹೋಟೆಲ್ ಬಸ್ಸು ಮಾತ್ರ ನೇರ ಗೇಟಿನ ಹತ್ತಿರ ಬಿಡುತ್ತದೆ. ಇದು ಗೊತ್ತಿದ್ದಕ್ಕೆ ಭಾವನ ಕಾರು ಹೋಟೆಲ್‌ನಲ್ಲೇ ಉಳಿಯಿತು.

ಬೆಳಕು ಹರಿಯುವ ಮೊದಲೇ ಎದ್ದೆವು. ಅವ್ವ ಎಲ್ಲರಿಗಿಂತ ಮೊದಲು ರೆಡಿ. ಹೆಗಲ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಕರ್ಚಿಕಾಯಿ. ಅಲ್ಲಿ ಹೊರಗಿನ ತಿಂಡಿ ಒಯ್ಯಲು ಬಿಡುತ್ತಾರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಧ್ಯಾಹ್ನ ಎಲ್ಲರೂ ಬರ್ಗರ್‌ಗೆ ಪಾಳಿ ನಿಂತಾಗ ನಾವು ನೆರಳಿನಲ್ಲಿ ಕೂತು ರೊಟ್ಟಿ ಮುರಿದೆವು. ಆ ಸದ್ದಿಗೆ ಪಕ್ಕದ ಬೆಂಚಿನ ಮಗು ತಿರುಗಿ ನೋಡಿತು. ಮೂರು ತಿಂಗಳ ನನ್ನ ಯೋಜನೆಯಲ್ಲಿ ಒಂದು ಸಾಲನ್ನು ಪೂರ್ತಿ ಅಳಿಸಿದ್ದು ಅವ್ವನ ಆ ಚೀಲ.

ಒಳಗೆ ಹೋದರೆ ಮುಖ್ಯ ಬೀದಿಯಲ್ಲಿ ಕ್ರಿಸ್‌ಮಸ್ ಅಲಂಕಾರ ಆಗಲೇ ಹಚ್ಚಿದ್ದರು. ಬೀದಿ ಮುಗಿಯುವಲ್ಲಿ ಸಿಬ್ಬಂದಿ ಜನರನ್ನು ಎರಡು ಭಾಗ ಮಾಡುತ್ತಿದ್ದರು. ಹೋಟೆಲ್‌ನವರು ಮುಂದೆ, ಉಳಿದವರು ಹಗ್ಗದ ಹಿಂದೆ. ಆ ಹಗ್ಗವನ್ನೇ ನೋಡುತ್ತ ನೂರಾರು ಜನ ನಿಂತಿದ್ದರು, ರಥ ಎಳೆಯುವ ಮುಂಚೆ ನಿಂತ ಹಾಗೆ.

ಲಕ್ಷ್ಮೀ ಪೂಜೆ ದಿನ ಕೈತಪ್ಪಿದ ರೈಡ್ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್. ಸಣ್ಣ ಮಕ್ಕಳೂ ಕೂರಬಹುದಾದ ಕೋಸ್ಟರ್, 97 ಸೆಂಟಿಮೀಟರ್ ಎತ್ತರ ಇದ್ದರೆ ಸಾಕು. ಅದಕ್ಕೇ ಅಷ್ಟು ನೂಕು. ಪಾಸ್ ಇಲ್ಲದ್ದರಿಂದ ಬೆಳಗಿನ ಅರ್ಧ ತಾಸನ್ನು ಅದಕ್ಕೇ ಮೀಸಲಿಟ್ಟೆ. ಅಕ್ಕನ ಮಗಳಿಗೆ ಸರಿಯಾಗಿ ಅದೇ ಹೊತ್ತಿಗೆ ಬಾತ್‌ರೂಮ್ ನೆನಪಾಯಿತು. ಯಾವ ಆ್ಯಪಿನಲ್ಲೂ ಇದಕ್ಕೆ ಮುಂಗಡ ಬುಕಿಂಗ್ ಇಲ್ಲ. ಆದರೂ ಇಪ್ಪತ್ತೈದು ನಿಮಿಷದಲ್ಲಿ ಒಳಗೆ ಹೋದೆವು. ಹೊರಗೆ ಬರುವಾಗ ಬೋರ್ಡಿನಲ್ಲಿ ಕಾಯುವ ಹೊತ್ತು 80 ನಿಮಿಷ ಅಂತಿತ್ತು. ಆ ಸಿಂಗಲ್ ಪಾಸ್ ಸಿಕ್ಕಿದ್ದರೆ ಏಳು ಜನಕ್ಕೆ ಕೊಡಬೇಕಿದ್ದ ಡಾಲರ್ ನನ್ನ ಪೆದ್ದುತನದಿಂದ ಉಳಿಯಿತು. ಇದನ್ನು ಗಂಡನಿಗೆ ಎರಡು ಸಲ ಹೇಳಿದೆ.

ಟ್ರಾನ್ ಅನ್ನುವ ಇನ್ನೊಂದು ಕೋಸ್ಟರ್‌ಗೆ 122 ಸೆಂಟಿಮೀಟರ್ ಬೇಕು. ನನ್ನ ಮಗನಿಗೆ ಏಳು ವರ್ಷ. ಹೊರಡುವ ಮುಂಚೆ ಎರಡು ತಿಂಗಳು ಅವನು ದಿನಾ ದೇವರ ಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ. ನಾನು ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ. ಸೆಪ್ಟೆಂಬರ್‌ನಲ್ಲಿ 120. ಅಕ್ಟೋಬರ್ ಕೊನೆಗೆ 121. ಹಿಮ್ಮಡಿ ಮೆಲ್ಲಗೆ ಎತ್ತುತ್ತಿದ್ದ ಕಳ್ಳ. ಆ ಗೆರೆಗಳು ಈಗಲೂ ಅಲ್ಲಿವೆ. ಅವನಿಗೆ ಟ್ರಾನ್ ಪಾಸ್ ಕೊಳ್ಳಲಿಲ್ಲ. ಭಾವ ಮತ್ತು ನನ್ನ ಗಂಡ ಇಬ್ಬರೇ ಹೋಗಿ, ಬಂದು, ಮಗನ ಮುಂದೆ "ಏನೂ ಮಜಾ ಇರಲಿಲ್ಲ" ಅಂದರು. ಇಬ್ಬರ ಮುಖವೂ ಬೇರೆ ಏನೋ ಹೇಳುತ್ತಿತ್ತು.

ಅವರು ಹೋದಾಗ ನಾವು ಪಕ್ಕದ ಪೀಪಲ್‌ಮೂವರ್ ಹತ್ತಿದೆವು. ಎತ್ತರದ ಹಳಿ ಮೇಲೆ ನಿಧಾನ ಹೋಗುವ ಸಣ್ಣ ಗಾಡಿ. ಸ್ಪೇಸ್ ಮೌಂಟನ್‌ನ ಕತ್ತಲೊಳಗೆ ಹೊಕ್ಕು ಹೊರಬರುತ್ತದೆ. ಅದಕ್ಕೆ ಯಾವ ಪಾಸೂ ಇಲ್ಲ. ಅವ್ವ ಕಾಲು ಚಾಚಿ ಕೂತಳು. ಇಳಿದಳು. "ಇನ್ನೊಮ್ಮೆ ಹೋಗೂಣು" ಅಂದಳು. ಮೂರು ಸಲ ಹೋದೆವು. ಎತ್ತಿನ ಗಾಡಿಯಲ್ಲಿ ಹೊಲಕ್ಕೆ ಹೋದಂಗಾತು ಅಂದಳು. ಎಳ್ಳಮಾಸಿಗೆ ಹೊಲಕ್ಕೆ ಹೋಗುವ ನೆನಪು ಆಕೆಗೆ.

ಇದನ್ನು ಓದಿ "ನೋಡಿ, ಯೋಜನೆ ಮಾಡದೆ ಸಿಕ್ಕಿದ್ದೇ ಚೆಂದ" ಅಂತ ಹೇಳಬೇಡಿ. ಹಾಗೆ ಹೇಳುವವರು ನನಗೆ ಬಹಳ ಜನ ಸಿಕ್ಕಿದ್ದಾರೆ. ದೊಡ್ಡ ರೈಡ್ ಎಂಟೂವರೆಗೇ ಮುಗಿಯದಿದ್ದರೆ ಅವ್ವನಿಗೆ ಮೂರು ಸಲ ಗಾಡಿ ಹತ್ತಿಸುವ ಪುರಸೊತ್ತು ನನಗೆ ಎಲ್ಲಿಂದ ಬರುತ್ತಿತ್ತು? ಬೇಕಾದರೆ ನನ್ನ ಅಭಿಪ್ರಾಯ ಇಷ್ಟು: ಬೆಳಗಿನ ಪ್ರವೇಶ ಬಿಡಬೇಡಿ, ಅದಕ್ಕಾಗಿ ನಿದ್ದೆ ಬಿಡಿ. ಪಾಸ್ ಎಲ್ಲ ದಿನಕ್ಕೂ ಬೇಡ. ನಾವು ಮೂರು ದಿನದಲ್ಲಿ ಒಂದೇ ದಿನ ಮಲ್ಟಿ ಪಾಸ್ ಕೊಂಡೆವು, ಅದೂ ಈ ಪಾರ್ಕಿಗೆ. ಇಲ್ಲಿ ರೈಡ್‌ಗಳ ಸಂಖ್ಯೆ ಜಾಸ್ತಿ, ಹಾಗಾಗಿ ದುಡ್ಡು ಹುಟ್ಟುತ್ತದೆ.

ಮಧ್ಯಾಹ್ನ ಒಂದು ರೈಡ್ ಕೆಟ್ಟು ನಿಂತಿತು. ನಮ್ಮ ಬುಕಿಂಗ್ ತಾನಾಗಿಯೇ ಬೇರೆ ರೈಡ್‌ಗೂ ನಡೆಯುವ ಪಾಸಾಗಿ ಬದಲಾಯಿತು. ಅವ್ವನಿಗೆ ಹೇಳಿದೆ. "ಕರೆಂಟ್ ಹೋದ್ರ ನಮ್ ಗಿರಣ್ಯಾವ ಹಂಗ ಬಿಡಂಗಿಲ್ಲ, ಡಬ್ಬಿ ಅಲ್ಲೇ ಇರಲಿ ಅಂತಾನ" ಅಂದಳು. ಮೊದಲ ಸಲ ಡಿಸ್ನಿಗೆ ಒಂದು ಅಂಕ ಕೊಟ್ಟಳು.

ಆ ಡಿಸೆಂಬರ್ ಕೊನೆಗೆ ಅಕ್ಕ ಮಗಳನ್ನು ಕರೆದುಕೊಂಡು ಊರಿಗೆ ಬಂದಳು. ಮರುದಿನವೇ ಎಲ್ಲರನ್ನೂ ಎಬ್ಬಿಸಿ ಗೋಲಗುಂಬಜ್‌ಗೆ ಹೊರಡಿಸಿದೆ. ಚಳಿ ಇತ್ತು. ಗೇಟಿನ ಹೊರಗೆ ಟಾಂಗಾ ಕುದುರೆಗಳು ಮೂಗಿನಿಂದ ಹೊಗೆ ಬಿಡುತ್ತಿದ್ದವು. ಅಕ್ಕನ ಮಗಳು ಟಿಕೆಟ್ ಕಿಟಕಿ ಹತ್ತಿರ ನಿಂತು, "ನಾವು ಯಾವ ಹೋಟೆಲ್‌ನವರು?" ಅಂತ ಕೇಳಿದಳು. ಅಕ್ಕನಿಗೆ ನಗು ತಡೆಯಲಾಗಲಿಲ್ಲ.

ಅವ್ವ ಮಂಡಿನೋವು ಅಂತ ಕೆಳಗೆ ಹುಲ್ಲಿನ ಮೇಲೆ ಉಳಿದಳು. ನಾವು ಹತ್ತಿದೆವು. ಮೇಲೆ ನಮ್ಮನ್ನು ಬಿಟ್ಟರೆ ಇಬ್ಬರು ಮುದುಕರು ಮತ್ತು ಪಾರಿವಾಳ. ಹುಡುಗಿಯನ್ನು ಎದುರು ಕಡೆ ನಿಲ್ಲಿಸಿ ಅಕ್ಕ ಜೊತೆಗೆ ನಿಂತಳು. ಮಗ ಈಚೆ ಗೋಡೆಗೆ ಬಾಯಿ ಹಚ್ಚಿ ಏನೋ ಹೇಳಿದ. ನನಗೆ ಕೇಳಲಿಲ್ಲ, ಒಂದೇ ಮಾರು ದೂರದಲ್ಲಿದ್ದೆ. ಆಚೆ ಗೋಡೆಯ ಹತ್ತಿರ ಆ ಹುಡುಗಿ ಕಿವಿ ಮುಟ್ಟಿಕೊಂಡು ಕುಣಿಯತೊಡಗಿದಳು.

ಇಪ್ಪತ್ತು ನಿಮಿಷ ಆಗಿರಬೇಕು. ಕೆಳಗಿನಿಂದ ಸೀಟಿ ಊದುವ ಸದ್ದು ಬಂತು, ಆಮೇಲೆ ಬೂಟಿನ ಸದ್ದು. ಮೊದಲ ಬಸ್ಸು ಬಂದಿತ್ತು. ನಾವು ಇಳಿಯತೊಡಗಿದೆವು. ಮೂರನೇ ಅಂತಸ್ತಿನಲ್ಲಿ ಎದುರಾದರು. ಮೆಟ್ಟಿಲು ಕಿರಿದು, ಇಬ್ಬರು ಒಟ್ಟಿಗೆ ಹಾಯುವುದು ಕಷ್ಟ. ಗೋಡೆಗೆ ಬೆನ್ನು ಹಚ್ಚಿ ನಿಂತು ಜಾಗ ಬಿಟ್ಟೆವು. ನೀಲಿ ಸ್ವೆಟರಿನ ಮಕ್ಕಳು ಒಬ್ಬರ ಹಿಂದೊಬ್ಬರು ಏದುಸಿರು ಬಿಡುತ್ತ ಹತ್ತಿದರು. ಮಗ ಎಣಿಸುತ್ತಿದ್ದ. ಎಂಬತ್ತಾರು. ಕೊನೆಗೆ ಒಬ್ಬ ಮೇಷ್ಟ್ರು ಬಂದರು, ಗೋಡೆ ಹಿಡಿದು ನಿಂತು ಕೇಳಿದರು.

"ಇನ್ನೂ ಎಷ್ಟ್ ಅದಾವ್ರಿ ಮೆಟ್ಲ?"